ಪರೀಕ್ಷಾ ಭವನದವರಿಗೆ ನನ್ನ ನಮಸ್ಕಾರ

ವಿಶ್ವವಿದ್ಯಾಲಯದ ಪರೀಕ್ಷೆ, ಫಲಿತಾಂಶ ನೋಡಿಕೊಳ್ಳುವ ಮೌಲ್ಯಮಾಪನ ಕುಲಸಚಿವರ ಹೊಣೆಯನ್ನು ಶುಕ್ರವಾರ ಹಸ್ತಾಂತರಿಸಿದೆ. ಇನ್ನು ಮತ್ತೆ ನನ್ನ ಸಸ್ಯಶಾಸ್ತ್ರ ವಿಭಾಗ, ನನ್ನ ವಿದ್ಯಾರ್ಥಿಗಳು. ಫೋನು ಮಾಡಿ ವಿಚಾರಿಸಿಕೊಂಡವರಿಗೆಲ್ಲ ಒಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೇಲೆ ನಂಬಿಕೆ ಇಟ್ಟ ಕುಲಪತಿಗಳು, ಕೇಳಿದಾಗಲೆಲ್ಲ ಬಿಲ್ಲು ಮಂಜೂರು ಮಾಡಿದ ಹಣಕಾಸು ಅಧಿಕಾರಿಗಳು, ಡೀನರು, ಬೇಸಿಗೆ ರಜೆ ಬಿಟ್ಟು ಬಂದು ಉತ್ತರ ಪತ್ರಿಕೆ ನೋಡಿದ ಅಧ್ಯಾಪಕರು, ನಾನಿಲ್ಲದೆ ಮನೆ ನಡೆಸಿದ ನಮ್ಮವರು ಎಲ್ಲರಿಗೂ ಮನಸಾರೆ ಧನ್ಯವಾದ.

ವಿಶ್ವವಿದ್ಯಾಲಯದ ಆಡಳಿತ ಎಂದರೆ ಜನಕ್ಕೆ ಕುಲಪತಿಗಳೇ ನೆನಪಾಗುತ್ತಾರೆ. ಅದು ಸಹಜ. 1956ರಿಂದ 1960ರವರೆಗೆ ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಅವರು ಕಟ್ಟಿದ ಮಾನಸಗಂಗೋತ್ರಿ ಆವರಣ ಇವತ್ತಿಗೂ ಅವರ ಹೆಸರು ಹೇಳುತ್ತಿದೆ. ಆದರೆ ಹಳ್ಳಿಯಿಂದ ಬಂದ ಹುಡುಗಿಯ ಬದುಕಿನಲ್ಲಿ ವಿಶ್ವವಿದ್ಯಾಲಯ ಎಂದರೆ ಅವಳ ಅಂಕಪಟ್ಟಿ. ಅದು ಸರಿಯಾಗಿ, ಸಮಯಕ್ಕೆ ಅವಳ ಕೈಸೇರಬೇಕು. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಆ ಹೊಣೆಯನ್ನು ನಾನು ಕೂತಿದ್ದ ಕುರ್ಚಿಗೆ ಕೊಟ್ಟಿದೆ. ಅದನ್ನು ಹೊತ್ತವರು ಮಾತ್ರ ಬೇರೆಯವರು.

ಅವರ ಹೆಸರು ಬರೆಯುವಂತಿಲ್ಲ. "ಬೇಡ ಮೇಡಂ" ಎಂದಿದ್ದಾರೆ. ಪರೀಕ್ಷಾ ಭವನದ ಒಬ್ಬ ತಾತ್ಕಾಲಿಕ ನೌಕರರು. ತಲೆ ನರೆತಿದೆ, ಕಾಯಂ ಆದೇಶ ಇನ್ನೂ ಬಂದಿಲ್ಲ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024ರಲ್ಲಿ ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಬಂತು, ಅದಕ್ಕೂ ಹಳೆಯ ಸಿಬಿಸಿಎಸ್ ಪಠ್ಯಕ್ರಮದಲ್ಲಿ ಬ್ಯಾಕ್‌ಲಾಗ್ ಉಳಿಸಿಕೊಂಡವರು ಇದ್ದೇ ಇದ್ದರು. ಯಾವ ಬ್ಯಾಚಿಗೆ ಯಾವ ನಿಯಮ ಎಂದು ಸುತ್ತೋಲೆ ತೆರೆಯುವ ಮೊದಲೇ ಹೇಳಬಲ್ಲವರು ಅವರೊಬ್ಬರೇ.

ಆ ರಾತ್ರಿಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ: ಫಲಿತಾಂಶ ಪ್ರಕಟಿಸಬೇಕಿತ್ತು, ಆದರೆ ಕೆಲವು ಕಾಲೇಜುಗಳಿಂದ ಆಂತರಿಕ ಅಂಕ, ಅಂದರೆ ಕಾಲೇಜಿನ ಟೆಸ್ಟುಗಳ ಅಂಕ, ಬಂದೇ ಇರಲಿಲ್ಲ. ಎನ್‌ಇಪಿಯಲ್ಲಿ ನೂರಕ್ಕೆ 40 ಆಂತರಿಕ ಅಂಕ. ಕಾಲೇಜಿನಿಂದ ಅದು ಬಂದು ಸೇರದಿದ್ದರೆ ಮಗು ಎಷ್ಟು ಚೆನ್ನಾಗಿ ಬರೆದಿದ್ದರೂ ಫಲಿತಾಂಶ ತಡೆಹಿಡಿದಂತೆಯೇ. ಮರುದಿನ ಸ್ನಾತಕೋತ್ತರ ಪ್ರವೇಶಕ್ಕೆ ಕೊನೆಯ ದಿನ. ಸರಾಸರಿ ಅಂಕ ಹಾಕಿ ಬಿಟ್ಟುಬಿಡಿ ಎಂದು ಎಲ್ಲ ಕಡೆಯಿಂದ ಒತ್ತಡ.

ಅವರು ಹೇಳಿದ್ದಿಷ್ಟೇ: "ಮಕ್ಕಳು ಟೆಸ್ಟ್ ಬರೆದಿದ್ದಾರಲ್ಲ ಮೇಡಂ, ಅಂಕ ಎಲ್ಲೋ ಇದ್ದೇ ಇರುತ್ತೆ. ಹುಡುಕೋಣ."

ಹುಡುಕಿದರು. ಒಬ್ಬೊಬ್ಬ ಪ್ರಾಂಶುಪಾಲರನ್ನೂ ನಿದ್ದೆಯಿಂದ ಎಬ್ಬಿಸಿ, ಕಾಲೇಜಿನ ಬೀಗ ತೆಗೆಸಿ, ಸಹಿ ಇರುವ ಪಟ್ಟಿಯ ಫೋಟೋ ತರಿಸಿಕೊಂಡು, ನೋಂದಣಿ ಸಂಖ್ಯೆಯನ್ನು ಜೋರಾಗಿ ಓದುತ್ತಾ ಒಂದೊಂದೇ ತಾಳೆ ನೋಡಿದರು. ನಡುರಾತ್ರಿ ದಾಟಿದ ಮೇಲೆ ಒಬ್ಬ ತಂದೆಯ ಫೋನು ಬಂತು. "ಮಗಳು ರೂಮಿನ ಬಾಗಿಲು ಹಾಕ್ಕೊಂಡಿದಾಳೆ, ತೆಗೀತಿಲ್ಲ" ಎಂದರು. ಏನು ಮಾತಾಡಿದೆನೋ ನೆನಪಿಲ್ಲ. ಫೋನಿಟ್ಟು, ಛೇಂಬರಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಆ ಹುಡುಗಿಗೆ ಏನಾದರೂ ಆದರೆ ನಾನು ಯಾವ ಮುಖ ಹೊತ್ತು ಪಾಠ ಮಾಡಲಿ ಎಂಬ ಭಯ ಇವತ್ತಿಗೂ ಎದೆಯಲ್ಲಿದೆ.

ಆ ನೌಕರರೇ ಬಾಗಿಲು ತಟ್ಟಿದರು. ಟೀ ಇಟ್ಟರು. ಸಮಾಧಾನದ ಒಂದು ಮಾತೂ ಆಡಲಿಲ್ಲ. "ಆ ಮಗೂದು ಯಾವ ಕಾಲೇಜು ಮೇಡಂ? ಅದನ್ನೇ ಮೊದಲು ಮಾಡೋಣ." ಅವಳ ಅಂಕ ಸಿಕ್ಕಿತು. ಅಷ್ಟು ಹೊತ್ತಿನಲ್ಲೇ ಆ ತಂದೆಗೆ ನಾನೇ ಫೋನು ಮಾಡಿ ಅವಳು ಪಾಸಾದ ಸುದ್ದಿ ಹೇಳಿದೆ. ಬೆಳಗಾಗುವಷ್ಟರಲ್ಲಿ ಪೂರ್ತಿ ಫಲಿತಾಂಶ ನನ್ನ ಸಹಿಯಲ್ಲಿ ಪ್ರಕಟವಾಯಿತು. ಪತ್ರಿಕೆಗಳಲ್ಲಿ ನನ್ನ ಹೆಸರೇ ಬಂತು.

ಅವರ ಸೇವೆಯ ವಿವರವನ್ನು ಕಡತದಲ್ಲಿ ಬರೆದು, ಸೇವಾ ಭದ್ರತೆಯ ವಿಷಯ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಮುಂದೆ ಬರಲೆಂದು ಆಡಳಿತ ನೋಡುವ ಕುಲಸಚಿವರಿಗೆ ಕಳಿಸಿದ್ದೇನೆ. ನನ್ನ ಜಾಗಕ್ಕೆ ಬಂದಿರುವವರಲ್ಲಿ ಕೈಮುಗಿದು ಕೇಳುವುದು ಇದೊಂದೇ: ಆ ಕಡತ ಕಪಾಟು ಸೇರದಂತೆ ನೋಡಿಕೊಳ್ಳಿ. ಎಲ್ಲಿಗೆ ಕರೆದರೂ ಬಂದು ಅವರ ಪರವಾಗಿ ಮಾತಾಡುತ್ತೇನೆ.