ತೋಟದ ಜಗಳ, ಅಪ್ಪನ ಮಾತು

ಚಿ. ಪುಟ್ಟನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ತೋಟದ ವಿಷಯಕ್ಕೆ ನೀನೂ ಅಕ್ಕನೂ ಮಾತು ಬಿಟ್ಟಿದ್ದೀರಂತೆ. ಮಾರಿಬಿಡಿ ಅಂತಲೇ ಅಪ್ಪ ಹೇಳಿದ್ದು ಅಂತ ಅವಳು ಅಂದಳಂತೆ. "ಮಾರಬೇಡಿ ಅಂತ ಅಪ್ಪ ಹೇಳಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಅಕ್ಕ ಸುಳ್ಳು ಹೇಳ್ತಾಳೆ" ಅಂದೆಯಂತೆ. ಅವಳು ಸುಳ್ಳು ಹೇಳುತ್ತಿಲ್ಲ ಪುಟ್ಟಾ. ನೀನೂ ಹೇಳುತ್ತಿಲ್ಲ. ಮನಃಶಾಸ್ತ್ರ ಪಾಠ ಮಾಡಿದವಳು ನಾನು, ನೆನಪು ಹೇಗೆ ಮೋಸ ಮಾಡುತ್ತದೆ ಅಂತ ಹೇಳಲೇಬೇಕು.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಸಿಡಿದು ಏಳು ಜನ ಸತ್ತರು. ಮಾರನೇ ದಿನ ಬೆಳಿಗ್ಗೆಯೇ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಅಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್ ಅನ್ನುವ ಮನಃಶಾಸ್ತ್ರ ಸಂಶೋಧಕರು ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಸುದ್ದಿ ಎಲ್ಲಿ ಕೇಳಿದಿರಿ, ಯಾರು ಹೇಳಿದರು, ಆಗ ಏನು ಮಾಡುತ್ತಿದ್ದಿರಿ ಅಂತ. ಸುಮಾರು ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಜನರಿಗೆ ಮತ್ತೆ ಅದೇ ಪ್ರಶ್ನೆ. 11 ಜನ ಹೇಳಿದ್ದರಲ್ಲಿ ಒಂದು ಮುಖ್ಯ ವಿವರವೂ ಮೊದಲಿನದಕ್ಕೆ ಹೊಂದಲಿಲ್ಲ. ಆದರೂ ತಮ್ಮ ನೆನಪೇ ಸರಿ ಅಂತ ಬಹಳ ಜನರಿಗೆ ಗಟ್ಟಿ ನಂಬಿಕೆ. ಅವರದೇ ಕೈಬರಹ ಮುಂದಿಟ್ಟರೂ "ಹೌದಲ್ಲ, ಈಗ ನೆನಪಾಯ್ತು" ಅನ್ನಲಿಲ್ಲ. ಪಾಠ ಮಾಡುವಾಗ ಇಲ್ಲಿಗೆ ಬಂದರೆ ನನಗೆ ಮೈ ಜುಂ ಅನ್ನುತ್ತಿತ್ತು.

ನೆನಪಿಸಿಕೊಂಡಾಗಲೆಲ್ಲ ಮೆದುಳು ನಡೆದದ್ದನ್ನು ಹೊಸದಾಗಿ ಕಟ್ಟುತ್ತದೆ. ಮಾಸಿಹೋದ ಕಡೆ ಆಮೇಲೆ ಕೇಳಿದ್ದು, ಊಹಿಸಿದ್ದು, ಬಯಸಿದ್ದು ಬಂದು ಸೇರುತ್ತದೆ. ಸೇರಿದ್ದು ನಮಗೆ ಗೊತ್ತೇ ಆಗುವುದಿಲ್ಲ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವ ಇನ್ನಿಬ್ಬರು ಸಂಶೋಧಕರು ಕಾರು ಅಪಘಾತದ ಫಿಲ್ಮ್ ತೋರಿಸಿ, "ಕಾರುಗಳು ಗುದ್ದಿ ನಜ್ಜುಗುಜ್ಜಾದಾಗ ವೇಗ ಎಷ್ಟಿತ್ತು" ಅನ್ನುವ ಥರ ಕೆಲವರನ್ನು ಕೇಳಿದರು. ವಾರ ಬಿಟ್ಟು ಆ 50 ಜನರಲ್ಲಿ 16 ಮಂದಿ ಒಡೆದ ಗಾಜು ನೋಡಿದೆವು ಅಂದರು. ಬರೀ "ಗುದ್ದಿದಾಗ" ಅಂತ ಕೇಳಿದ್ದವರಲ್ಲಿ ಅಷ್ಟು ಜನ ಹಾಗೆ ಅನ್ನಲಿಲ್ಲ. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ! ಕೇಳಿದ ರೀತಿಯೇ ಇಷ್ಟು ಮಾಡಿದರೆ, ನಿಮ್ಮಿಬ್ಬರ ಇಷ್ಟು ದಿನದ ವಾದ ಏನೇನು ಸೇರಿಸಿರಬೇಡ?

ನೀನು ಆ ಅಡಿಕೆ ಮರಗಳ ಮಧ್ಯೆಯೇ ಬೆಳೆದವನು. ಅವಳು ಆಸ್ಪತ್ರೆ ಸಾಲ ಹೊತ್ತವಳು. ನನ್ನ ತಮ್ಮ, ಅಂದರೆ ನಿಮ್ಮಪ್ಪ, ಒಂದೊಂದು ದಿನ ಒಂದೊಂದು ಹೇಳಿರಲೂಬಹುದು, ಅಲ್ವಾ?

ಆದ್ದರಿಂದ ಅವನ ಮಾತಿನ ಮೇಲೆ ತೀರ್ಮಾನ ಬೇಡ. ಅವನ ಕೈಬರಹದ ಕಾಗದ ಏನಾದರೂ ಇದ್ದರೆ ಹುಡುಕಿ ನೋಡಿ. ಇಲ್ಲದಿದ್ದರೆ ಸಾಲ ಎಷ್ಟು, ಫಸಲು ಎಷ್ಟು, ತೋಟ ನೋಡಿಕೊಳ್ಳುವವರು ಯಾರು ಅಂತ ಇಬ್ಬರೂ ಕೂತು ಲೆಕ್ಕ ಹಾಕಿ. ಅದಕ್ಕೂ ಮೊದಲು ನೀನೇ ಅಕ್ಕನಿಗೆ ಫೋನ್ ಮಾಡು. ಸುಳ್ಳು ಅಂದಿದ್ದನ್ನು ವಾಪಸ್ ತಗೋ. ಈ ಭಾನುವಾರದೊಳಗೆ ಮಾಡು.

ನಿನ್ನ ಅತ್ತೆ