ಒಂಬತ್ತು ಮತ್ತು ಹತ್ತನೇ ತರಗತಿ ಪೋಷಕರಿಗೆ: ಇಂಗ್ಲಿಷ್ ವ್ಯಾಕರಣದ ಪಾಠದ ಬಗ್ಗೆ

ಮಾನ್ಯ ಪೋಷಕರೇ, ನಮಸ್ಕಾರ.

ಮಕ್ಕಳ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ಈಚೆಗೆ ಕನ್ನಡ ವಾಕ್ಯಗಳು ಯಾಕೆ ಬಂದಿವೆ, ಜೆರಂಡ್, ಪಾರ್ಟಿಸಿಪಲ್, ಇನ್ಫಿನಿಟಿವ್‌ಗಳ ಡೆಫಿನಿಷನ್ ಯಾಕೆ ಬರೆಸಿಲ್ಲ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನಾವು ಬೇಕೆಂದೇ ಹೀಗೆ ಕಲಿಸುತ್ತಿದ್ದೇವೆ. ಕಾರಣ ನಿಮಗೂ ತಿಳಿದಿರಲಿ.

ಕ್ರಿಯಾಪದದಿಂದ ಹುಟ್ಟಿ, ವಾಕ್ಯದಲ್ಲಿ ನಾಮಪದದ ಕೆಲಸವನ್ನೋ ವಿಶೇಷಣದ ಕೆಲಸವನ್ನೋ ಕ್ರಿಯಾವಿಶೇಷಣದ ಕೆಲಸವನ್ನೋ ಮಾಡುವ ರೂಪಗಳನ್ನು ಇಂಗ್ಲಿಷಿನಲ್ಲಿ ವರ್ಬಲ್ಸ್ ಎನ್ನುತ್ತಾರೆ. ಮೇಲೆ ಹೇಳಿದ ಮೂರೂ ಇಂಥವೇ. ಇದು ಮಕ್ಕಳಿಗೆ ಹೊಸ ವಿಷಯವೇ ಅಲ್ಲ. ಕನ್ನಡ ತರಗತಿಯಲ್ಲಿ ಕೃದಂತ ಎಂದು ಕಲಿತಿದ್ದಾರಲ್ಲ, ಹೆಚ್ಚುಕಡಿಮೆ ಅದೇ. 'ಓದುವಿಕೆ' ಕೃದಂತ ಭಾವನಾಮ. ಜೆರಂಡ್ ಅದಕ್ಕೆ ಹತ್ತಿರ. 'ಓದುವ ಹುಡುಗಿ' ಎಂಬಲ್ಲಿನ 'ಓದುವ' ಪಾರ್ಟಿಸಿಪಲ್‌ಗೆ ಹತ್ತಿರ. 'ಓದಲು ಬಂದಳು' ಎಂಬಲ್ಲಿನ 'ಓದಲು' ಇನ್ಫಿನಿಟಿವ್‌ಗೆ ಹತ್ತಿರ. ಎಲ್ಲ ಕಡೆಯೂ ಅಚ್ಚುಕಟ್ಟಾಗಿ ಹೊಂದುವುದಿಲ್ಲ, ಆದರೆ ಶುರುಮಾಡಲು ಇಷ್ಟು ಸಾಕು.

ತೊಡಕು ಬರುವುದು ಇಂಗ್ಲಿಷಿನಲ್ಲಿ ಒಂದೇ ರೂಪ ಎರಡು ಕೆಲಸ ಮಾಡುವುದರಿಂದ. 'ಸ್ವಿಮ್ಮಿಂಗ್ ಈಸ್ ಗುಡ್ ಎಕ್ಸರ್‌ಸೈಜ್' ಎಂದಾಗ ಸ್ವಿಮ್ಮಿಂಗ್ ಜೆರಂಡ್. 'ದ ಬಾಯ್ ಸ್ವಿಮ್ಮಿಂಗ್ ಇನ್ ದ ಲೇಕ್ ಈಸ್ ಮೈ ಬ್ರದರ್' ಎಂದಾಗ ಅದೇ ಪದ ಪಾರ್ಟಿಸಿಪಲ್. ಡೆಫಿನಿಷನ್ ಬಾಯಿಪಾಠ ಮಾಡಿದ ಮಗು 'ಇಂಗ್' ಕಂಡಲ್ಲೆಲ್ಲ ಜೆರಂಡ್ ಎಂದು ಬರೆಯುತ್ತದೆ. ಕನ್ನಡದಲ್ಲಿ ಹೇಳಿಸಿ ನೋಡಿ: ಮೊದಲನೆಯದು 'ಈಜುವುದು', ಎರಡನೆಯದು 'ಕೆರೆಯಲ್ಲಿ ಈಜುತ್ತಿರುವ ಹುಡುಗ'. ಗೊಂದಲ ಅಲ್ಲೇ ಬಿಡಿಸಿಕೊಳ್ಳುತ್ತದೆ. ಜೊತೆಗೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ವರ್ಣನೆ ಹುಡುಗನಿಗಿಂತ ಮುಂಚೆ ಬರುತ್ತದೆ, ಇಂಗ್ಲಿಷಿನಲ್ಲಿ ಇಂಥ ಪದಪುಂಜ ಅವನ ನಂತರ ಬರುತ್ತದೆ.

ಫ್ರೇಸ್ ಎಂಬ ಪದಪುಂಜಗಳ ಪಾಠವೂ ಹೀಗೆಯೇ. ನೌನ್, ಆ್ಯಡ್ಜೆಕ್ಟಿವ್, ಆ್ಯಡ್ವರ್ಬ್, ಪ್ರಿಪೊಸಿಷನಲ್ ಎಂದು ಹೆಸರು ಪಟ್ಟಿಮಾಡುವುದು ಸುಲಭ. 'ಆನ್ ದ ಟೇಬಲ್' ಯಾವ ಫ್ರೇಸ್ ಎಂದು ಕೇಳಿದರೆ ಪ್ರಿಪೊಸಿಷನಲ್ ಎಂದು ಎಲ್ಲರೂ ಹೇಳುತ್ತಾರೆ. ಆದರೆ 'ಮೇಜಿನ ಮೇಲಿರುವ ಪುಸ್ತಕ' ಎನ್ನುವಾಗ ಅದು ಪುಸ್ತಕವನ್ನು ಗುರುತಿಸುತ್ತದೆ, 'ಮೇಜಿನ ಮೇಲೆ ಇಡು' ಎನ್ನುವಾಗ ಎಲ್ಲಿ ಇಡಬೇಕೆಂದು ಹೇಳುತ್ತದೆ. ಹೆಸರು ಒಂದೇ, ಕೆಲಸ ಬೇರೆ. ಮಗು ಹಿಡಿಯಬೇಕಾದದ್ದು ಆ ಕೆಲಸವನ್ನು.

ಪತ್ರಲೇಖನದಲ್ಲೂ ಪ್ರಬಂಧದಲ್ಲೂ ಮತ್ತೆಮತ್ತೆ ಕಾಣುವ ತಪ್ಪೊಂದಿದೆ: 'ವಾಕಿಂಗ್ ಟು ಸ್ಕೂಲ್, ದ ರೈನ್ ಸ್ಟಾರ್ಟೆಡ್.' ಇಂಗ್ಲಿಷಿನ ಲೆಕ್ಕದಲ್ಲಿ ಇಲ್ಲಿ ಶಾಲೆಗೆ ನಡೆದದ್ದು ಮಳೆ! ಮಕ್ಕಳ ಮನಸ್ಸಿನಲ್ಲಿರುವುದು 'ನಾನು ಶಾಲೆಗೆ ಬರುವಾಗ ಮಳೆ ಶುರುವಾಯಿತು' ಎಂಬ ಸರಿಯಾದ ಕನ್ನಡ ವಾಕ್ಯ. ನಮ್ಮ 'ಬರುವಾಗ'ಕ್ಕೆ ಒಬ್ಬರು, 'ಶುರುವಾಯಿತು'ಗೆ ಇನ್ನೊಂದು ಕರ್ತೃ ಇರಬಹುದು. ಇಂಗ್ಲಿಷಿನ ಪಾರ್ಟಿಸಿಪಲ್ ಫ್ರೇಸ್ ಹಾಗೆ ಬಿಟ್ಟುಕೊಡುವುದಿಲ್ಲ. ಕಾಮಾದ ನಂತರ ಬರುವ ಕರ್ತೃವೇ ನಡೆಯುತ್ತಿರಬೇಕು. 'ವಾಕಿಂಗ್ ಟು ಸ್ಕೂಲ್, ಐ ಗಾಟ್ ವೆಟ್' ಎಂದರೆ ಸರಿ. ಈ ತಪ್ಪನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಸುಮ್ಮನಾಗುವುದು ನನಗೆ ಇಷ್ಟವಿಲ್ಲ. ಮಗು ಯೋಚಿಸಿಯೇ ಬರೆದಿದೆ. ತನ್ನ ಭಾಷೆಯ ನಿಯಮ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಅದಕ್ಕೆ ತೋರಿಸಬೇಕು.

ಎಂಜಾಯ್ ನಂತರ ಜೆರಂಡ್ ('ಎಂಜಾಯ್ ರೀಡಿಂಗ್'), ವಾಂಟ್ ನಂತರ ಇನ್ಫಿನಿಟಿವ್ ('ವಾಂಟ್ ಟು ರೀಡ್') ಎಂಬಂಥವು ಮಾತ್ರ ಓದಿ, ಕೇಳಿ ರೂಢಿಯಾಗಬೇಕು. ಅವಕ್ಕೆ ಅಡ್ಡದಾರಿಯಿಲ್ಲ.

ನಿಮಗೆ ಇಂಗ್ಲಿಷ್ ಬಾರದಿದ್ದರೂ ಸಂಕೋಚ ಬೇಡ. ಪಾಠದ ಒಂದು ವಾಕ್ಯ ಓದಿಸಿ, 'ಇದನ್ನೇ ಕನ್ನಡದಲ್ಲಿ ಹೇಳು, ಯಾರು ಏನು ಮಾಡಿದರು ಹೇಳು' ಎಂದು ಕೇಳಿ. ಮಗು ಎಲ್ಲಿ ತಡವರಿಸುತ್ತದೋ ಅಲ್ಲೊಂದು ಗೆರೆ ಎಳೆಯಿರಿ. ಗೈಡ್‌ನಿಂದ ಉತ್ತರ ನಕಲು ಮಾಡಿಸಬೇಡಿ, ಇದು ನನ್ನ ಕಳಕಳಿಯ ವಿನಂತಿ. ಗೆರೆ ಎಳೆದ ನೋಟ್‌ಬುಕ್ಕನ್ನು ಮುಂದಿನ ಪೋಷಕರ ಸಭೆಗೆ ತನ್ನಿ. ಇಂಗ್ಲಿಷ್ ಮತ್ತು ಕನ್ನಡ ಶಿಕ್ಷಕರಿಬ್ಬರೂ ಒಂದೇ ಕೊಠಡಿಯಲ್ಲಿ ಇರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ