ಮನೆಯ ವಿಡಿಯೊ ಮನೆಯ ಸರ್ವರ್‌ನಲ್ಲೇ ಇರಲಿ

ಸಂಪಾದಕರಿಗೆ ನಮಸ್ಕಾರ.

ಹಳೆಯ ಫೋಟೊ, ವಿಡಿಯೊ ಉಳಿಸಿಕೊಳ್ಳುವುದು ಹೇಗೆ ಎಂದು ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಉದ್ದೇಶ ಒಳ್ಳೆಯದೇ. ಆದರೆ ಅದರಲ್ಲಿ ಹೇಳಿದ್ದು ಒಂದೇ ದಾರಿ. ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟಿ ಯಾವುದಾದರೂ ಕಂಪನಿಯ ಕ್ಲೌಡ್‌ನಲ್ಲಿ ಇಡಿ, ಅಷ್ಟೇ. ಇನ್ನೊಂದು ದಾರಿಯೂ ಇದೆ. ಮನೆಯದೇ ಒಂದು ಕಂಪ್ಯೂಟರನ್ನು ಸರ್ವರ್, ಅಂದರೆ ಟಿವಿ, ಫೋನ್‌ಗಳಿಗೆ ವಿಡಿಯೊ ಕಳಿಸುವ ಯಂತ್ರ, ಮಾಡಿಕೊಂಡು ಅದರಲ್ಲೇ ಇಡುವುದು. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಅದೇ ನಡೆಯುತ್ತಿದೆ. ನಿಮ್ಮ ಓದುಗರಿಗೂ ಅದು ಗೊತ್ತಾಗಲಿ ಅಂತ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಜಾಗ ಮಾಡಿಕೊಡಿ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪಯ್ಯನ ಹತ್ತಿರ ಒಂದು ವಿಡಿಯೊ ಕ್ಯಾಮೆರಾ ಇತ್ತು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಅದು ದೊಡ್ಡ ವಿಷಯ. ಉಪನಯನ, ಮದುವೆ, ಅಡಿಕೆ ಕೊಯ್ಲು, ಗದ್ದೆ ಬಯಲಿನಲ್ಲಿ ಬೆಳತನಕ ನಡೆದ ಯಕ್ಷಗಾನದ ಆಟ, ಎಲ್ಲವನ್ನೂ ಹಿಡಿದಿಟ್ಟಿದ್ದರು. ಒಂದು ಕ್ಯಾಸೆಟ್‌ಗೆ 3 ಗಂಟೆ ಹಿಡಿಯುತ್ತಿತ್ತು, ಹಾಗಾಗಿ ರಾತ್ರಿ ಒಂಬತ್ತಕ್ಕೆ ಶುರುವಾದ ಆಟ ಮುಗಿಯುವಷ್ಟರಲ್ಲಿ ಮೂರು ಕ್ಯಾಸೆಟ್ ಬೇಕಾಗುತ್ತಿತ್ತು. ಕ್ಯಾಸೆಟ್ ಬದಲಿಸುವ ಹೊತ್ತಿನ ಒಂದೆರಡು ಪದ್ಯ ಎಲ್ಲದರಲ್ಲೂ ತಪ್ಪಿಹೋಗಿವೆ. ಅಪ್ಪಯ್ಯ ಕ್ಯಾಮೆರಾ ಹಿಂದೆಯೇ ಇರುತ್ತಿದ್ದರಿಂದ ಅವರ ಮುಖ ಯಾವ ಕ್ಯಾಸೆಟ್‌ನಲ್ಲೂ ಇಲ್ಲ. ದನಿ ಮಾತ್ರ ಇದೆ. 'ಬೆಳಕು ಅಡ್ಡ ಬರ್ತಾ ಇದೆ, ಸ್ವಲ್ಪ ಆಚೆ ಸರೀರಿ' ಅನ್ನುತ್ತಾರೆ. ಅವರು ಹೋಗಿ ಆರು ವರ್ಷವಾಯಿತು. ನಮ್ಮ ಪಾಲಿಗೆ ಆ ಒಂದು ವಾಕ್ಯಕ್ಕೆ ಬೆಲೆ ಕಟ್ಟಲಾಗದು.

ಮಲೆನಾಡಿನ ಮಳೆಗಾಲ ಕ್ಯಾಸೆಟ್‌ಗಳನ್ನು ಬಿಡುವುದಿಲ್ಲ. ನಲವತ್ತರಲ್ಲಿ ಒಂಬತ್ತಕ್ಕೆ ಬೂಸ್ಟು ಹಿಡಿದು ಟೇಪು ಅಂಟಿಕೊಂಡಿತ್ತು. ಅವನ್ನು ಹಾಕಿ ನೋಡುವ ವಿಸಿಆರ್ ಕೂಡ ಇನ್ನು ಹೊಸದಾಗಿ ಸಿಗುವುದಿಲ್ಲ. ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನೈ ಕಂಪನಿ 2016ರ ಜುಲೈನಲ್ಲಿ ಕೈಬಿಟ್ಟಿತು. ಉಳಿದ ಮೂವತ್ತೊಂದನ್ನು ಕಂಪ್ಯೂಟರಿಗೆ ಇಳಿಸಲು ಒಂದು ಬೇಸಿಗೆ ಪೂರ್ತಿ ಹಿಡಿಯಿತು. ಡಿವಿ ಎಂಬ ಡಿಜಿಟಲ್ ವಿಡಿಯೊ ರೂಪದಲ್ಲಿ ಇಳಿಸಿದರೆ ಒಂದು ಗಂಟೆಯ ವಿಡಿಯೊಗೆ ಸುಮಾರು 13 ಜಿಬಿ ಆಗುತ್ತದೆ. ಮೂಲವನ್ನು ಹಾಗೇ ಬೇರೆ ಇಟ್ಟು, ನೋಡುವುದಕ್ಕೆ ಚಿಕ್ಕದು ಮಾಡಿದ ಪ್ರತಿಯೊಂದನ್ನು ಮಾಡಿಕೊಂಡೆ.

ಇಳಿಸಿದ್ದೇನೋ ಆಯಿತು, ತೋರಿಸುವುದು ಹೇಗೆ? ಪೆನ್ ಡ್ರೈವ್‌ಗೆ ಹಾಕಿ ಕೊಟ್ಟರೆ ಒಂದು ಟಿವಿಯಲ್ಲಿ ಓಡುತ್ತದೆ, ಇನ್ನೊಂದರಲ್ಲಿ ದನಿ ಮಾತ್ರ ಬರುತ್ತದೆ. ಆಯಿಗೆ, ಅಂದರೆ ನಮ್ಮ ಅಮ್ಮನಿಗೆ, ಈಗ 74. ಅವರಿಗೆ ರಿಮೋಟ್‌ನಲ್ಲಿ ಒಂದು ಬಟನ್ ಒತ್ತಿದರೆ ಬರಬೇಕು. ತಂಗಿ ಇರುವುದು ಕೆನಡಾದ ಟೊರಾಂಟೊದಲ್ಲಿ. ಅವಳಿಗೆ ಪೆನ್ ಡ್ರೈವ್ ಕಳಿಸುತ್ತಾ ಕೂರಲು ಆಗುತ್ತದೆಯೇ?

ಪರಿಚಯದ ಹುಡುಗನೊಬ್ಬ ಜೆಲ್ಲಿಫಿನ್ ಹಾಕಿ ನೋಡಿ ಅಂದ. ಜೆಲ್ಲಿಫಿನ್ ಅಂದರೆ ಮೀಡಿಯಾ ಸರ್ವರ್ ತಂತ್ರಾಂಶ. ಮನೆಯ ಒಂದು ಕಂಪ್ಯೂಟರಿನಲ್ಲಿ ಅದು ಕೂತಿರುತ್ತದೆ. ನಮ್ಮ ವಿಡಿಯೊಗಳಿರುವ ಫೋಲ್ಡರ್ ಯಾವುದು ಎಂದು ತೋರಿಸಿದರೆ ಎಲ್ಲವನ್ನೂ ಚಿತ್ರ ಸಮೇತ ಸಾಲಾಗಿ ಜೋಡಿಸಿಕೊಡುತ್ತದೆ. ಟಿವಿ, ಮೊಬೈಲ್, ಬ್ರೌಸರ್, ಯಾವುದರಲ್ಲಿ ಬೇಕಾದರೂ ತೆರೆದು ನೋಡಬಹುದು. ನೋಡುವ ಸಾಧನಕ್ಕೆ ಆ ಬಗೆಯ ಫೈಲ್ ಹಿಡಿಸದಿದ್ದರೆ ಸರ್ವರ್ ತಾನೇ ಓಡುತ್ತಿರುವಾಗಲೇ ಬದಲಿಸಿ ಕಳಿಸುತ್ತದೆ. ಟ್ರಾನ್ಸ್‌ಕೋಡಿಂಗ್ ಅಂದರೆ ಇದೇ. ನಾನು ಹಾಕಿದ್ದು ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲಿ. ಅದರ ಇಂಟೆಲ್ ಚಿಪ್‌ನಲ್ಲೇ ವಿಡಿಯೊ ಬದಲಿಸುವ ಯಂತ್ರಾಂಶ ಇರುವುದರಿಂದ ಸುಸೂತ್ರವಾಗಿ ನಡೆಯುತ್ತಿದೆ. ದುಡ್ಡು? ತಂತ್ರಾಂಶಕ್ಕೆ ಒಂದು ರೂಪಾಯಿ ಇಲ್ಲ. ಖಾತೆ ತೆರೆಯಲು ಯಾವ ಕಂಪನಿಗೂ ಇಮೇಲ್ ಕೊಡಬೇಕಾಗಿಲ್ಲ, ಮನೆಯವರ ಹೆಸರು, ಪಾಸ್‌ವರ್ಡ್ ಎಲ್ಲ ನಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತವೆ.

ಈ ಬಗೆಯ ತಂತ್ರಾಂಶಗಳಲ್ಲಿ ಜಾಸ್ತಿ ಹೆಸರು ಮಾಡಿದ್ದು ಪ್ಲೆಕ್ಸ್. ಅದು ನೋಡಲು ಚೆಂದ, ಟಿವಿ ಆ್ಯಪ್‌ಗಳೂ ನಯವಾಗಿವೆ, ಇದನ್ನು ಒಪ್ಪಲೇಬೇಕು. ಆದರೆ 2025ರ ಏಪ್ರಿಲ್ 29ರಿಂದ ಅದರ ನಿಯಮ ಬದಲಾಯಿತು. ಮನೆಯ ಒಳಗಿನ ನೆಟ್‌ವರ್ಕ್‌ನಲ್ಲಿ ನೋಡುವುದು ಈಗಲೂ ಉಚಿತ. ಮನೆಯಿಂದ ಹೊರಗೆ ಕೂತು ನಿಮ್ಮದೇ ಸರ್ವರ್‌ನ ವಿಡಿಯೊ ನೋಡಲು ಮಾತ್ರ ಚಂದಾ ಬೇಕು. ಒಂದೋ ಸರ್ವರ್ ಇಟ್ಟವರು ಪ್ಲೆಕ್ಸ್ ಪಾಸ್ ತೆಗೆದುಕೊಳ್ಳಬೇಕು, ಇಲ್ಲವೇ ನೋಡುವವರು ತಿಂಗಳಿಗೆ, ಆಗಿನ ದರದಲ್ಲಿ, 1.99 ಡಾಲರ್ ಕೊಟ್ಟು ಬೇರೆ ಪಾಸ್ ಮಾಡಿಸಬೇಕು. ಅದೇ ದಿನ ಪ್ಲೆಕ್ಸ್ ಪಾಸ್‌ನ ಆಜೀವ ಚಂದಾ 119.99 ಡಾಲರ್‌ನಿಂದ 249.99 ಡಾಲರ್‌ಗೆ ಏರಿತು. ನಮ್ಮ ಲೆಕ್ಕದಲ್ಲಿ ಆಗಲೇ 20 ಸಾವಿರ ರೂಪಾಯಿ ದಾಟಿತು. ನಾನು ಮೇಲೆ ಹೇಳಿದ ಹಾಗೆ ಚಿಪ್‌ನ ಯಂತ್ರಾಂಶ ಬಳಸಿ ಟ್ರಾನ್ಸ್‌ಕೋಡಿಂಗ್ ಮಾಡುವುದಕ್ಕೂ ಅಲ್ಲಿ ಪಾಸ್ ಬೇಕು.

ಕಂಪನಿ ದುಡ್ಡು ಕೇಳುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಕೆಲಸ ಮಾಡುವವರಿಗೆ ಸಂಬಳ ಆಗಬೇಕಲ್ಲ. ನನ್ನ ತಕರಾರು ಬೇರೆ. ಕ್ಯಾಸೆಟ್ ನಮ್ಮದು, ಹಾರ್ಡ್ ಡಿಸ್ಕ್ ನಮ್ಮದು, ಕರೆಂಟು ನಮ್ಮದು, ಎರಡೂ ತುದಿಯ ಇಂಟರ್ನೆಟ್ ಬಿಲ್ ಕಟ್ಟುವವರು ನಾವು. ಹೀಗಿರುವಾಗ ಆಯಿಯ ಹಾಡನ್ನು ಮಗಳು ಕೇಳಬೇಕಾದರೆ ನಡುವೆ ಒಂದು ಗೇಟು ಇರುತ್ತದೆ, ಅದರ ಬೀಗದ ಕೈ ಇನ್ನೊಬ್ಬರ ಹತ್ತಿರ ಇರುತ್ತದೆ, ಅವರು ಯಾವತ್ತು ಬೇಕಾದರೂ ದರ ಬದಲಿಸಬಹುದು ಅನ್ನುವುದು ನನಗೆ ಸರಿ ಕಾಣಲಿಲ್ಲ. ಖಾತೆಯ ವಿವರ ಕಂಪನಿಯ ಹತ್ತಿರ ಇದ್ದರೆ ಇನ್ನೊಂದು ಅಪಾಯವೂ ಇದೆ. 2022ರ ಆಗಸ್ಟ್‌ನಲ್ಲಿ ಒಮ್ಮೆ, 2025ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಪ್ಲೆಕ್ಸ್‌ನ ಬಳಕೆದಾರರ ಮಾಹಿತಿ ಕಳುವಾಗಿ, ಎಲ್ಲರೂ ಪಾಸ್‌ವರ್ಡ್ ಬದಲಿಸಿ ಎಂದು ಕಂಪನಿಯೇ ಹೇಳಬೇಕಾಯಿತು.

ಜೆಲ್ಲಿಫಿನ್ ಕೂಡ ನಾಳೆ ಹೀಗೇ ಮಾಡಿದರೆ? ಆ ಹುಡುಗನನ್ನು ನಾನು ಮೊದಲು ಕೇಳಿದ್ದು ಇದನ್ನೇ. ಅವನು ಹೇಳಿದ ಕಥೆ ನನಗೆ ಹಿಡಿಸಿತು. ಮೊದಲು ಎಂಬಿ (Emby) ಎಂಬ ಇನ್ನೊಂದು ಸರ್ವರ್ ತಂತ್ರಾಂಶ ಇತ್ತು, ಈಗಲೂ ಇದೆ. ಅದರ ಒಳಗಿನ ಕೋಡ್ ಎಲ್ಲರಿಗೂ ತೆರೆದಿತ್ತು. 2018ರ ಕೊನೆಯಲ್ಲಿ ಎಂಬಿ ತಂಡ ಮುಂದಿನ ಕೋಡನ್ನು ಮುಚ್ಚಿಬಿಟ್ಟಿತು. ಆದರೆ ಅಲ್ಲಿಯವರೆಗಿನ ಕೋಡ್, ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದು ಎನ್ನುವ ಜಿಪಿಎಲ್ ಪರವಾನಗಿಯಲ್ಲಿ ಹೊರಬಂದಿತ್ತಲ್ಲ, ಆ ಪರವಾನಗಿ ಒಮ್ಮೆ ಕೊಟ್ಟ ಹಕ್ಕನ್ನು ಹಿಂದೆ ತೆಗೆದುಕೊಳ್ಳಲು ಬಿಡುವುದಿಲ್ಲ. ಮುಚ್ಚಿದ್ದು ಇಷ್ಟವಾಗದ ಕೆಲವರು ಅದೇ ಡಿಸೆಂಬರ್‌ನಲ್ಲಿ ಎಂಬಿಯ 3.5.2 ಆವೃತ್ತಿಯನ್ನು ಎತ್ತಿಕೊಂಡು ಬೇರೆ ಹೆಸರಿನಲ್ಲಿ ಮುಂದುವರಿಸಿದರು. ಅದೇ ಜೆಲ್ಲಿಫಿನ್. ಸ್ವಯಂಸೇವಕರು ನಡೆಸುತ್ತಾರೆ, ಖರ್ಚಿಗೆ ದೇಣಿಗೆ ತೆಗೆದುಕೊಳ್ಳುತ್ತಾರೆ. ನಾಳೆ ಇವರು ಬಾಗಿಲು ಹಾಕಿದರೂ ಇವತ್ತಿನ ಕೋಡ್ ಎಲ್ಲರ ಹತ್ತಿರ ಇರುತ್ತದೆ, ಇನ್ಯಾರಾದರೂ ಮುಂದುವರಿಸಬಹುದು. ಹಾಗೆ ಆದ ಉದಾಹರಣೆಯೇ ಜೆಲ್ಲಿಫಿನ್.

ತಂಗಿಗೆ ತಲುಪಿಸುವುದು ಮಾತ್ರ ಅಷ್ಟು ಸುಲಭ ಇರಲಿಲ್ಲ. ನಮ್ಮಲ್ಲಿ ಹಲವು ಇಂಟರ್ನೆಟ್ ಕಂಪನಿಗಳು ತುಂಬಾ ಮನೆಗಳಿಗೆ ಸೇರಿ ಒಂದೇ ಹೊರಗಿನ ವಿಳಾಸ ಕೊಡುತ್ತವೆ. ದೊಡ್ಡ ವಠಾರಕ್ಕೆ ಒಂದೇ ಮನೆ ನಂಬರ್ ಇದ್ದ ಹಾಗೆ. ಹೊರಗಿನಿಂದ ಬಂದವರಿಗೆ ಯಾವ ಬಾಗಿಲು ಬಡಿಯಬೇಕು ಅಂತ ಗೊತ್ತಾಗುವುದಿಲ್ಲ. ರೌಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆದಿಟ್ಟರೂ ಆಗ ಪ್ರಯೋಜನ ಇಲ್ಲ. ಪ್ರಯೋಜನ ಇದ್ದರೂ ಹಾಗೆ ತೆರೆದಿಡಬೇಡಿ, ಲೋಕದಲ್ಲಿ ಯಾರು ಬೇಕಾದರೂ ಬಾಗಿಲು ತಳ್ಳಿ ನೋಡುತ್ತಾರೆ. ನಾವು ಟೇಲ್‌ಸ್ಕೇಲ್ ಎಂಬ ತಂತ್ರಾಂಶ ಹಾಕಿಕೊಂಡೆವು. ವೈರ್‌ಗಾರ್ಡ್ ಎಂಬ ವಿಪಿಎನ್, ಅಂದರೆ ಇಂಟರ್ನೆಟ್ ಮೇಲೆ ಖಾಸಗಿ ದಾರಿ ಮಾಡುವ, ವಿಧಾನದ ಮೇಲೆ ಕಟ್ಟಿದ್ದು ಅದು. ನಮ್ಮ ಲ್ಯಾಪ್‌ಟಾಪ್, ತಂಗಿಯ ಫೋನ್, ಅವಳ ಟಿವಿ, ಮೂರೂ ಒಂದೇ ಮನೆಯಲ್ಲಿ ಇದ್ದ ಹಾಗೆ ಒಂದಕ್ಕೊಂದು ಕಾಣುತ್ತವೆ, ಬೇರೆಯವರಿಗೆ ಕಾಣುವುದಿಲ್ಲ. ಮನೆ ಬಳಕೆಗೆ ಉಚಿತ. ಅದನ್ನು ನಡೆಸುವುದೂ ಒಂದು ಕಂಪನಿಯೇ, ಅದೂ ಟೊರಾಂಟೊದ್ದೇ. ನಾಳೆ ಅದೂ ದುಡ್ಡು ಕೇಳಬಹುದು. ಆಗ ಹೊರಗಿನಿಂದ ತಲುಪಬಹುದಾದ ವಿಳಾಸ ಎಲ್ಲಾದರೂ ಒಂದು ಇದ್ದರೆ ಬರೀ ವೈರ್‌ಗಾರ್ಡ್ ಇದೆ, ಹೆಡ್‌ಸ್ಕೇಲ್ ಎಂಬ ತೆರೆದ ಬದಲಿಯೂ ಇದೆ. ವಿಡಿಯೊಗಳು ಇರುವ ಜಾಗ ಬದಲಾಗುವುದಿಲ್ಲ, ದಾರಿ ಒಂದನ್ನು ಬದಲಿಸಿಕೊಂಡರೆ ಸಾಕು.

ಕನ್ನಡದವರಿಗೆ ಎದುರಾಗುವ ಒಂದು ತೊಡಕನ್ನು ಹೇಳಿಬಿಡುತ್ತೇನೆ. ತಂಗಿಯ ಮಗಳಿಗೆ ಕನ್ನಡ ಓದಲು ಬರುತ್ತದೆ, ಆದರೆ ಭಾಗವತರು ಹಾಡುವಾಗ ಪದ್ಯ ಹಿಡಿಯಲು ಕಷ್ಟ. ಅವಳಿಗೋಸ್ಕರ ಆಯಿ ಹೇಳುತ್ತಾ ಹೋದ ಹಾಗೆ ನಾನು ಪದ್ಯಗಳನ್ನು ಟೈಪ್ ಮಾಡಿ ಸಬ್‌ಟೈಟಲ್ ಮಾಡಿದೆ. ಒಂದು ಪ್ರಸಂಗಕ್ಕೆ ಹನ್ನೊಂದು ಸಂಜೆ ಹಿಡಿಯಿತು. ಹಾಕಿ ನೋಡಿದರೆ ಅಕ್ಷರದ ಜಾಗದಲ್ಲಿ ಬರೀ ಚೌಕಗಳು. ಫೈಲ್ ಸರಿಯಾಗಿಯೇ ಇತ್ತು. ಸಬ್‌ಟೈಟಲನ್ನು ಚಿತ್ರದ ಮೇಲೆ ಅಚ್ಚು ಹಾಕಿ ಕಳಿಸುವಾಗ ಸರ್ವರ್‌ಗೆ ಕನ್ನಡ ಫಾಂಟ್ ಬೇಕು, ವಿಂಡೋಸ್ ಬದಲಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಿದ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯಲ್ಲಿ ಅದು ಇರಲಿಲ್ಲ. ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದ ಮೇಲೆ ಒತ್ತಕ್ಷರವೂ ಸರಿಯಾಗಿ ಬಂತು. ಎರಡು ನಿಮಿಷದ ಕೆಲಸ, ಆದರೆ ಕನ್ನಡದಲ್ಲಿ ಎಲ್ಲೂ ಬರೆದಿದ್ದು ಸಿಗದೆ ಮೂರು ದಿನ ಹುಡುಕಿದ್ದೇನೆ.

ಇಷ್ಟೆಲ್ಲ ಯಾಕೆ, ಸುಮ್ನೆ ಯಾವುದಾದರೂ ವಿಡಿಯೊ ತಾಣಕ್ಕೆ ಹಾಕಿಬಿಡಿ ಅಂತ ಎಷ್ಟೋ ಜನ ಹೇಳಿದರು. ನಮ್ಮ ಚಿಕ್ಕಪ್ಪನ ಮಗ ಹಾಗೆ ಹಾಕಿದ್ದ. ಉಪನಯನದ ಮನೆಯ ಮೈಕಿನಲ್ಲಿ ಸಿನಿಮಾ ಹಾಡು ಕೇಳುತ್ತಿತ್ತು ಅಂತ ಅಷ್ಟೂ ಹೊತ್ತಿನ ದನಿಯನ್ನೇ ತೆಗೆದುಬಿಟ್ಟರು, ಅಜ್ಜಿಯ ಮಾತೂ ಅದರ ಜೊತೆ ಹೋಯಿತು. ಆಟದ ವಿಷಯದಲ್ಲಿ ನನಗೆ ಅದಕ್ಕಿಂತ ದೊಡ್ಡ ಯೋಚನೆ ಇದೆ. ಅಪ್ಪಯ್ಯ ಹಿಡಿದದ್ದು ಮನೆಯವರು ನೋಡಲಿ ಅಂತ. ಕಲಾವಿದರು ಒಪ್ಪಿದ್ದೂ ಅಷ್ಟಕ್ಕೇ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮಿನಲ್ಲಿ ಪ್ರದರ್ಶಕರಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಇದೆ. ಕಾನೂನು ಹಾಗಿರಲಿ, ವೇಷ ಕಟ್ಟಿ ರಾತ್ರಿಯೆಲ್ಲ ಕುಣಿದವರನ್ನು ಒಂದು ಮಾತೂ ಕೇಳದೆ ಲೋಕಕ್ಕೆಲ್ಲ ಹರಿಬಿಡಲು ನನಗೆ ಮನಸ್ಸು ಬರುವುದಿಲ್ಲ. ಮನೆಯ ಸರ್ವರ್‌ನಲ್ಲಿ ಯಾರು ನೋಡಬೇಕು ಅನ್ನುವುದು ನಮ್ಮ ಕೈಯಲ್ಲಿರುತ್ತದೆ. ಇದೇ ತಂತ್ರಾಂಶದಲ್ಲಿ ಕದ್ದ ಸಿನಿಮಾ ತುಂಬಿಕೊಳ್ಳುವವರೂ ಇದ್ದಾರೆ. ಅದು ತಪ್ಪು. ಅದಕ್ಕೆ ನನ್ನ ಬೆಂಬಲ ಇಲ್ಲ.

ಕಷ್ಟ ಇಲ್ಲವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಲ್ಯಾಪ್‌ಟಾಪ್ ಹಗಲೂ ರಾತ್ರಿ ಚಾಲೂ ಇದ್ದರೆ, 15 ವ್ಯಾಟ್ ಎಂದು ಹಿಡಿದರೂ ತಿಂಗಳಿಗೆ 11 ಯೂನಿಟ್ ಕರೆಂಟು ಬೇಕು. ಗುಡುಗು ಶುರುವಾದರೆ ನಮ್ಮ ಕಡೆ ಎಲ್ಲರ ಹಾಗೆ ನಾವೂ ರೌಟರ್‌ನ ವೈರ್ ಕಿತ್ತಿಡುತ್ತೇವೆ, ಅಷ್ಟು ಹೊತ್ತು ತಂಗಿ ಕಾಯಬೇಕು. ಎಲ್ಲಕ್ಕಿಂತ ಮುಖ್ಯ, ಡಿಸ್ಕ್ ಒಂದೇ ಇದ್ದರೆ ಸಾಲದು. ಕಳೆದ ವರ್ಷ ನನ್ನ ಡಿಸ್ಕ್ ಒಂದು ದಿನ ಬೆಳಿಗ್ಗೆ ಟಕ್ ಟಕ್ ಅಂದು ನಿಂತೇಹೋಯಿತು. ಹುಬ್ಬಳ್ಳಿಯಲ್ಲಿ ಭಾವನ ಮನೆಯ ಕಪಾಟಿನಲ್ಲಿ ಇನ್ನೊಂದು ಪ್ರತಿ ಇಟ್ಟಿದ್ದರಿಂದ ಉಳಿದುಕೊಂಡೆ. ಈಗ ಮೂರು ಪ್ರತಿ ಇವೆ. ಕ್ಲೌಡ್‌ನಲ್ಲಿ ಒಂದು ಪ್ರತಿ ಇಡುವುದಕ್ಕೂ ನನ್ನ ವಿರೋಧ ಇಲ್ಲ, ಅದೊಂದೇ ಪ್ರತಿ ಆಗಬಾರದು ಅಷ್ಟೇ.

ಸಂಪಾದಕರಲ್ಲಿ ನನ್ನ ಕೋರಿಕೆ ಇದು. ನಿಮ್ಮ ಪುರವಣಿಯಲ್ಲಿ ಪ್ರತಿ ವಾರ ಹೊಸ ಮೊಬೈಲ್ ಬಗ್ಗೆ ಅರ್ಧ ಪುಟ ಬರುತ್ತದೆ. ನಾಲ್ಕು ವಾರ ಆ ಜಾಗವನ್ನು ಇದಕ್ಕೆ ಕೊಡಿ. ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕುವುದು, ಜೆಲ್ಲಿಫಿನ್ ಕೂರಿಸುವುದು, ದೂರದ ಮಕ್ಕಳಿಗೆ ತಲುಪಿಸುವುದು, ಕನ್ನಡ ಫಾಂಟ್ ಹಾಕುವುದು, ಇಷ್ಟನ್ನು ಚಿತ್ರ ಸಮೇತ ಕನ್ನಡದಲ್ಲಿ ಬರೆಸಿ. ಊರಲ್ಲಿ ತಂದೆ ತಾಯಿ, ಬೇರೆ ದೇಶದಲ್ಲಿ ಮಕ್ಕಳು, ಇಂಥ ಮನೆಗಳು ಈಗ ಪ್ರತಿ ಕೇರಿಯಲ್ಲೂ ಇವೆ, ಅಲ್ವಾ? ಕಾಲೇಜು ಹುಡುಗರಿಗೂ ಒಂದು ಮಾತು. ಜೆಲ್ಲಿಫಿನ್‌ನ ಪರದೆಯ ಮೇಲಿನ ಪದಗಳನ್ನು ವೆಬ್ಲೇಟ್ ಎಂಬ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ತಮ್ಮ ಭಾಷೆಗೆ ಅನುವಾದಿಸಬಹುದು. ದಿನಕ್ಕೆ ಹತ್ತು ಪದ ಮಾಡಿದರೂ ನನ್ನ ಆಯಿಯಂಥವರಿಗೆ ಉಪಕಾರ.

ನನ್ನ ವಿಸಿಆರ್ ಇನ್ನೂ ಓಡುತ್ತಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರು ಯಾರಾದರೂ ಹಳೆ ಕ್ಯಾಸೆಟ್ ಇಟ್ಟುಕೊಂಡಿದ್ದರೆ ತನ್ನಿ, ದುಡ್ಡಿಲ್ಲದೆ ಇಳಿಸಿಕೊಡುತ್ತೇನೆ, ನನ್ನ ವಿಳಾಸ ಪತ್ರಿಕೆಯವರ ಹತ್ತಿರ ಇದೆ. ಬೂಸ್ಟು ಕಂಡರೆ ಮಾತ್ರ ಪ್ಲೇಯರ್‌ಗೆ ಹಾಕಬೇಡಿ, ಹಾಗೇ ತನ್ನಿ. ಮಳೆಗಾಲಕ್ಕೆ ಇನ್ನು ಎರಡು ತಿಂಗಳು ಇದೆ.

ನಿಮ್ಮ ಓದುಗ,
ಶಿರಸಿ